ಆಟವೂ ಆಮಿಷವೂ

ಹಣ ಕಳುಹಿಸಿದರೆ ಗೀರಿ ನೋಡುವ ಚೀಟಿ, ನಡೆದ ಹೆಜ್ಜೆಗಳಿಗೆ ಪದಕ, ಪಾಠ ಓದಿದರೆ ಅಂಕ: ಹೀಗೆ ಮೊಬೈಲಿನೊಳಗಿನ ವ್ಯವಹಾರಗಳು ಬಹುಮಟ್ಟಿಗೆ ಆಟದ ವೇಷವನ್ನು ಧರಿಸಿ ನಿಂತಿರುವುದು ವಾಚಕರಿಗೆಲ್ಲ ವಿದಿತವೇ ಆಗಿದೆ. ಇಂಗ್ಲಿಷಿನವರು ಇದನ್ನು ಗೇಮಿಫಿಕೇಷನ್ ಎನ್ನುವರು, ನಾವು ಕ್ರೀಡೀಕರಣವೆನ್ನೋಣ. ಸಂಸ್ಕೃತವ್ಯಾಕರಣದಲ್ಲಿ ಚ್ವಿ ಎಂಬುದೊಂದು ಪ್ರತ್ಯಯವುಂಟು. ಮೊದಲು ಹಾಗಿಲ್ಲದುದು ಈಗ ಹಾಗಾಯಿತೆಂಬುದೇ ಅದರ ಅರ್ಥ. ಆಟವಲ್ಲದ ಕೆಲಸವು ನಿಜವಾಗಿ ಆಟವಾಯಿತೇ, ಇಲ್ಲವೆ ಬಣ್ಣ ಮಾತ್ರ ಬಳಿಸಿಕೊಂಡಿತೇ ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

2019ರ ದೀಪಾವಳಿಯಲ್ಲಿ ಗೂಗಲ್ ಪೇ ಸಂಸ್ಥೆಯವರು ದೀಪ, ಜುಮುಕಿ, ಹೂವು, ಲಾಂದ್ರ, ರಂಗೋಲಿ ಎಂಬ ಐದು ಮುದ್ರೆಗಳನ್ನು ಕೂಡಿಸಿದವರಿಗೆ 251 ರೂಪಾಯಿ ಕೊಡುವೆವೆಂದರು. ರಂಗೋಲಿಯೊಂದು ದುರ್ಲಭವಾಯಿತು. ಬಾಗಿಲಲ್ಲಿ ನಿತ್ಯವೂ ರಂಗೋಲಿಯಿಡುವ ನಾಡಿನಲ್ಲಿ ಜನರು ಬಂಧುಮಿತ್ರರನ್ನು ರಂಗೋಲಿಗಾಗಿ ಬೇಡುವಂತಾಯಿತು! ಇದು ನಿರುಪದ್ರವವಾದ ವಿನೋದವೇ ಸರಿ; ಆದರೆ ಆಡಿದವರು ನಾವು, ಅಭ್ಯಾಸ ಬೆಳೆದುದರಿಂದ ಗೆದ್ದವರು ಅವರು.

ಇದರ ಮಹಿಮೆಯನ್ನು ಹಾಡಿದವರಿಗೆ ಲೆಕ್ಕವಿಲ್ಲ. ಆದರೆ ಇಂತಹ ಯೋಜನೆಗಳಲ್ಲಿ ನೂರಕ್ಕೆ 80 ರಷ್ಟು, ರಚನೆಯ ದೋಷದಿಂದಲೇ, 2014ರೊಳಗೆ ತಮ್ಮ ಉದ್ದೇಶವನ್ನು ಸಾಧಿಸದೆ ಹೋಗುವುವೆಂದು ಗಾರ್ಟ್ನರ್ ಎಂಬ ಸಲಹಾಸಂಸ್ಥೆಯು 2012ರಲ್ಲಿಯೇ ಭವಿಷ್ಯ ನುಡಿದಿತ್ತು.

ಹಾಗಾದರೆ ಇದೆಲ್ಲವೂ ನಿಸ್ಸಾರವೇ? ಅಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದವರು 2008ರಲ್ಲಿ ಫೋಲ್ಡಿಟ್ ಎಂಬ ಆಟವನ್ನು ಹೊರತಂದರು. ಪ್ರೋಟೀನಿನ ಎಳೆಯನ್ನು ಸರಿಯಾಗಿ ಮಡಿಸುವುದೇ ಅದರಲ್ಲಿ ಆಡುವ ಬಗೆ. ಕೋತಿಗಳಲ್ಲಿ ಏಡ್ಸ್‌ನಂತಹ ರೋಗವನ್ನುಂಟುಮಾಡುವ ವೈರಸ್ಸೊಂದರ ಕಿಣ್ವದ ಆಕಾರವು ಹತ್ತು ವರ್ಷಕ್ಕೂ ಮೇಲ್ಪಟ್ಟು ವಿಜ್ಞಾನಿಗಳಿಗೆ ಬಿಡಿಸಲಾರದ ಒಗಟಾಗಿದ್ದಿತು; 2011ರಲ್ಲಿ ಆಟಗಾರರು ಸುಮಾರು ಮೂರು ವಾರಗಳಲ್ಲಿ ಅದಕ್ಕೆ ದಾರಿ ತೋರಿದರು. ಇಲ್ಲಿ ಆಟವೇ ಕೆಲಸ, ಕೆಲಸವೇ ಆಟ. ನಮ್ಮ ಅಂತ್ಯಾಕ್ಷರಿಯೂ ಈ ಜಾತಿಯದೇ: ಪದ್ಯ ಬಾರದವನು ಅದನ್ನು ಆಡಲಾರನು, ಆಡುತ್ತಾ ಆಡುತ್ತಾ ಪದ್ಯಗಳು ಕಂಠಸ್ಥವಾಗುವುವು.

ಹೊರಗಿನಿಂದ ಅಂಟಿಸಿದ ಬಹುಮಾನದ ಗತಿ ಬೇರೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ವಿದ್ವಾಂಸರು ಚಿತ್ರ ಬರೆಯುವುದರಲ್ಲಿ ಆಸಕ್ತರಾದ ಶಿಶುಗಳನ್ನು ಪರೀಕ್ಷಿಸಿದರು. ಬಹುಮಾನವನ್ನು ಮೊದಲೇ ಹೇಳಿ ಬರೆಯಿಸಿದ ಮಕ್ಕಳು ಮುಂದೆ ಬಿಡುವಿನ ವೇಳೆಯಲ್ಲಿ ಇತರರಿಗಿಂತ ಬಹಳ ಕಡಮೆ ಬರೆದರು. ಅನಿರೀಕ್ಷಿತವಾಗಿ ಪಡೆದವರ ಆಸಕ್ತಿಯಾದರೋ ಕುಂದಲಿಲ್ಲ. ಸಾಧನವು ಸಾಧ್ಯದ ಪೀಠವನ್ನೇರಿದರೆ ಆಗುವುದು ಹೀಗೆಯೇ.

ಡುಯೊಲಿಂಗೊ ಮೊದಲಾದವು ಎಡೆಬಿಡದೆ ಓದಿದ ದಿನಗಳನ್ನು ಎಣಿಸುತ್ತವೆ. ನಿತ್ಯಾಭ್ಯಾಸಕ್ಕೆ ಅದು ಊರುಗೋಲಾಗಬಹುದು. ಆದರೆ ಎಣಿಕೆ ತಪ್ಪೀತೆಂಬ ಭಯದಿಂದ ಮಗುವು ನಿದ್ದೆಗಣ್ಣಿನಲ್ಲಿ ಅತಿಸುಲಭವಾದ ಪಾಠವನ್ನೇ ಮತ್ತೆ ಒತ್ತಿ ಮಲಗಿದರೆ, ಬೆಳೆದದ್ದು ಎಣಿಕೆಯೇ ಹೊರತು ಭಾಷೆಯಲ್ಲ. ಮನೆಯ ಹಿರಿಯರು ಎಷ್ಟು ಅಂಕವೆಂದು ಕೇಳುವುದನ್ನು ಬಿಟ್ಟು, ಕಲಿತ ಒಂದು ವಾಕ್ಯವನ್ನು ಹೇಳೆಂದು ಕೇಳಲಿ. ಮಗುವು ಹೇಳಿದರೆ ಆಟವು ಸಾರ್ಥಕ. ಹೇಳಲಾರದಿದ್ದರೆ ಆ ಪದಕಗಳು ಎಷ್ಟು ಹೊಳೆದರೇನು?