ಕಾಣದ ಪರಿಗ್ರಹ

ಮೊಬೈಲಿನಿಂದ ‘ಕ್ಲೌಡ್’ ಸೇರಿದ ಚಿತ್ರಗಳಿಗೆ ಭಾರವಿಲ್ಲವೆಂದು ಭಾವಿಸುತ್ತೇವೆ. ಆದರೆ ಅವು ನೆಲೆಸಿರುವುದು ಮೋಡದಲ್ಲಲ್ಲ. ಹಗಲಿರುಳೂ ವಿದ್ಯುತ್ ಬೇಡುವ, ಯಂತ್ರಗಳ ತಾಪ ತಣಿಸಲು ಹಲವೆಡೆ ನೀರನ್ನೂ ಹೀರುವ ದತ್ತಾಂಶ ಕೇಂದ್ರಗಳಲ್ಲಿ. 2023ರಲ್ಲಿ ಐರ್ಲೆಂಡಿನಲ್ಲಿ ಮೀಟರಿಗೆ ದಾಖಲಾದ ವಿದ್ಯುತ್ತಿನ ಶೇ 21ರಷ್ಟನ್ನು ಇಂಥ ಕೇಂದ್ರಗಳೇ ಬಳಸಿದವು. ಅಲ್ಲಿನ ನಗರಗಳ ಮನೆಗಳೆಲ್ಲ ಸೇರಿ ಬಳಸಿದ್ದು ಶೇ 18.

ನೀರು, ಅಗ್ನಿಗಳಲ್ಲೂ ಏಕೇಂದ್ರಿಯ ಜೀವಗಳನ್ನು ಕಂಡ ಧರ್ಮ ನಮ್ಮದು. ಒಂದು ಚಿತ್ರವನ್ನು ಅಳಿಸಿದೊಡನೆ ಯಂತ್ರ ನಿಲ್ಲದು, ನಿಜ. ಆದರೆ ಕೂಡಿಡುವ ಹಂಬಲ ಬೆಳೆದಷ್ಟೂ ಕೇಂದ್ರಗಳೂ ಬೆಳೆಯುತ್ತವೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ಮಮಕಾರದಲ್ಲಿ. ಮರಳಿ ನೋಡದ ಸಾವಿರ ಚಿತ್ರಗಳನ್ನೂ ಬಿಡಲೊಲ್ಲದ ಮನಸ್ಸೇ ಅದಕ್ಕೆ ಸಾಕ್ಷಿ. ಹೊಲ, ಮನೆ, ಹೊನ್ನುಗಳಿಗೆ ಮಿತಿ ವಿಧಿಸಿಕೊಳ್ಳುವ ಶ್ರಾವಕರ ಪರಿಗ್ರಹ ಪರಿಮಾಣ ವ್ರತಕ್ಕೆ ಈ ಕಾಣದ ಕಣಜವನ್ನೂ ಸೇರಿಸಿಕೊಳ್ಳೋಣ.