ನಿಂತ ನೆಲವನ್ನು ಬಿಡದವರು

ಸಂಸ್ಕೃತದ ‘ನಿಷ್ಠಾ’ ಶಬ್ದದೊಳಗೆ ‘ಸ್ಥಾ’ ಎಂಬ ಧಾತುವು ಅಡಗಿರುವುದು. ನಿಲ್ಲುವುದೆಂದು ಅದರ ಅರ್ಥ. ಆದ್ದರಿಂದ ನಿಷ್ಠಾವಂತನೆಂದರೆ ದೃಢವಾಗಿ ನಿಂತವನು. ಈ ಶಬ್ದಾರ್ಥವನ್ನು ಕಾಲ್ಚೆಂಡಿನ ಮೈದಾನದಲ್ಲಿ ಬಾಳಿ ತೋರಿದ ವಂಗದೇಶದ ಶೈಲೇನ್ ಮನ್ನಾ ಅವರನ್ನು ಈ ತಿಂಗಳು ವಾಚಕರೊಡನೆ ಸ್ಮರಿಸಬಯಸುತ್ತೇನೆ.

1924ರಲ್ಲಿ ಹೌರಾದಲ್ಲಿ ಜನಿಸಿದ ಮನ್ನಾ ಅವರು 1942ರಲ್ಲಿ ಕಲಕತ್ತೆಯ ಮೋಹನ್ ಬಗಾನ್ ಸಂಘವನ್ನು ಸೇರಿದರು. 1960ರಲ್ಲಿ ಆಟದಿಂದ ನಿವೃತ್ತರಾಗುವವರೆಗೂ ಬೇರೊಂದು ಸಂಘದ ಅಂಗಿಯನ್ನು ತೊಡಲಿಲ್ಲ. ಜೀವನೋಪಾಯಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ನೌಕರಿಯಿತ್ತು. ಆಟವಾದರೋ ಪ್ರೀತಿಯ ಕಾರ್ಯವಾಗಿತ್ತು. ಅವರ ಸ್ಥಾನವು ಎಡಬದಿಯ ರಕ್ಷಕನದು. ಗೋಲು ಹೊಡೆದವನ ಹೆಸರನ್ನು ಲೋಕವು ಕೊಂಡಾಡುವುದು; ಗೋಲಾಗದಂತೆ ತಡೆದವನನ್ನು ನೆನೆಯುವವರು ವಿರಳ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿತು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು. ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರು ನಮ್ಮ ಪರವಾಗಿ ಏಕೈಕ ಗೋಲನ್ನು ಸಾಧಿಸಿದರು. ಆದರೆ ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ವ್ಯರ್ಥವಾದವು. ಅವುಗಳಲ್ಲೊಂದನ್ನು ತಪ್ಪಿದವರು ಮನ್ನಾ ಅವರೇ. ಭಾರತವು 1–2ರಿಂದ ಸೋತಿತು.

ಇಂತಹ ಪ್ರಮಾದವಾದ ಬಳಿಕ ಮರೆಗೆ ಸರಿಯುವುದು ಮನುಷ್ಯಸಹಜ. ಮನ್ನಾ ಅವರು ಸರಿಯಲಿಲ್ಲ. ನಾಡೂ ಅವರನ್ನು ಕೈಬಿಡಲಿಲ್ಲ. 1951ರಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡೋತ್ಸವವು ಜರುಗಿದಾಗ ಅವರೇ ತಂಡದ ನಾಯಕರು. ಇಂಡೊನೇಷ್ಯ ಮತ್ತು ಆಫ್ಘಾನಿಸ್ಥಾನಗಳನ್ನು 3–0ರಿಂದಲೂ, ಅಂತಿಮ ಪಂದ್ಯದಲ್ಲಿ ಇರಾನನ್ನು ಸಾಹು ಮೇವಾಲಾಲರ ಗೋಲಿನ ಬಲದಿಂದ 1–0ಯಿಂದಲೂ ಜಯಿಸಿ ಭಾರತವು ಸ್ವರ್ಣಪದಕವನ್ನು ಗಳಿಸಿತು. ಮೂರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ಗೋಲೂ ದೊರೆಯಲಿಲ್ಲ. ರಕ್ಷಕನಾದ ನಾಯಕನಿಗೆ ಇದಕ್ಕಿಂತ ಮಿಗಿಲಾದ ಪ್ರಶಸ್ತಿಯೇನು?

ಭಾಗ್ಯಚಕ್ರವು ಮತ್ತೆ ಉರುಳಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರದೇ ನಾಯಕತ್ವದ ತಂಡವು ಯುಗೊಸ್ಲಾವಿಯಕ್ಕೆ 1–10ರಿಂದ ಶರಣಾಯಿತು. ಅದಾದ ಮೇಲೂ ಎಂಟು ವರ್ಷ ಅದೇ ಸಂಘದಲ್ಲಿ, ಅದೇ ಶ್ರದ್ಧೆಯಿಂದ ಅವರು ಆಡಿದರು. 1971ರಲ್ಲಿ ಪದ್ಮಶ್ರೀ ಗೌರವವು ಸಂದಿತು. 2012ರ ಫೆಬ್ರವರಿ 27ರಂದು ಅವರು ಕಾಲವಶರಾದರು.

ಎಂದೂ ಎಡವದಿರುವುದು ನಿಷ್ಠೆಯಲ್ಲ. ಎಡವಿದ ಮೇಲೆ ಅದೇ ನೆಲದಲ್ಲಿ ಮತ್ತೆ ಎದ್ದು ನಿಲ್ಲುವುದು ನಿಷ್ಠೆ. ಪರೀಕ್ಷೆಯಲ್ಲೋ ಆಟದಲ್ಲೋ ಒಮ್ಮೆ ಗುರಿತಪ್ಪಿ ತಲೆತಗ್ಗಿಸಿ ಮನೆಗೆ ಬಂದ ಮಗುವಿಗೆ ಹಿರಿಯರು ಈ ಕಥೆಯನ್ನು ಹೇಳಲಿ. ಲಂಡನ್ನಿನಲ್ಲಿ ತಪ್ಪಿದ ಹೊಡೆತವನ್ನು ಮೊದಲು ಹೇಳಲಿ. ದೆಹಲಿಯ ಪದಕವನ್ನು ಆಮೇಲೆ ಹೇಳಲಿ.