ಕಾನೂನು ಒಪ್ಪಿದರೂ ಕರುಣೆ ಒಪ್ಪೀತೆ?

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಬಂಧುಗಳ ಮಗನೊಬ್ಬ ಈಚೆಗೆ ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದ. ಅವನ ನೆರೆಮನೆಯಾತ ಪ್ರತಿ ವಸಂತದಲ್ಲಿ ಕಾಡು ಟರ್ಕಿ ಕೋಳಿಗಳ ಬೇಟೆಗೆ ಹೋಗುವವನು. ಈ ಸಲ ಗುರಿಗೆ ಸಿಕ್ಕಿದ್ದ ಹಕ್ಕಿಯೊಂದನ್ನು ಕೊಲ್ಲದೆ ಬಿಟ್ಟು ಬಂದನಂತೆ. ‘ದೊಡ್ಡಪ್ಪ, ಕೊಲ್ಲುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ಬಿಟ್ಟ. ನಮ್ಮ ಧರ್ಮ ಇದನ್ನು ಏನೆಂದು ಕರೆಯುತ್ತದೆ?’ ಎಂದು ಆತ ಕೇಳಿದ.

ವಿಷಯ ಹೀಗಿದೆ. ಟರ್ಕಿ ಹುಂಜದ ಎದೆಯಿಂದ ಒರಟು ಕೂದಲಿನಂತಹ ಗರಿಗಳ ಗೊಂಚಲೊಂದು ಇಳಿಬಿದ್ದಿರುತ್ತದೆ. ಅದನ್ನೇ ಅಲ್ಲಿಯವರು ಗಡ್ಡ ಎನ್ನುತ್ತಾರೆ. ವಸಂತವು ಹೇಂಟೆಗಳು ಮೊಟ್ಟೆಯಿಡುವ ಕಾಲ. ಆದುದರಿಂದ ಆಗ ಹುಂಜವನ್ನು ಮಾತ್ರ ಬೇಟೆಯಾಡಬೇಕೆಂಬುದು ನಿಯಮದ ಆಶಯ. ಗುರುತು ಸುಲಭವಾಗಲೆಂದು ಅನೇಕ ರಾಜ್ಯಗಳಲ್ಲಿ ‘ಗಡ್ಡವಿರುವ ಹಕ್ಕಿಯನ್ನು ಕೊಲ್ಲಬಹುದು’ ಎಂದು ವಿಧಿಸಿದ್ದಾರೆ. ಆದರೆ ಪ್ರಕೃತಿ ನಿಯಮಪುಸ್ತಕವನ್ನು ಓದುವುದಿಲ್ಲ. ಕೆಲವು ಹೇಂಟೆಗಳಿಗೂ ಗಡ್ಡ ಬೆಳೆಯುತ್ತದೆ. ಅಂತಹ ಹೇಂಟೆಯೂ ಉಳಿದವುಗಳಂತೆ ನೆಲದ ಮೇಲೆ ಗೂಡು ಮಾಡಿ ಹತ್ತು ಹನ್ನೆರಡು ಮೊಟ್ಟೆಯಿಟ್ಟು, ಸುಮಾರು 28 ದಿನ ಕಾವು ಕೊಡುವ ತಾಯಿಯೇ. ಆಕೆ ಮರಳದಿದ್ದರೆ ಕಾವಿಲ್ಲದ ಆ ಮೊಟ್ಟೆಗಳ ಗತಿಯೇನು?

ಬೇಟೆಗಾರರಲ್ಲೇ ಈ ಕುರಿತು ಎರಡು ಮತಗಳಿವೆ. ಕಾನೂನು ಒಪ್ಪಿದೆ, ಅಂತಹ ಹೇಂಟೆಗಳೇ ವಿರಳ, ಒಂದು ಹೋದರೆ ಸಂತತಿಗೆ ಕುಂದಿಲ್ಲ ಎನ್ನುವವರು ಒಂದು ಕಡೆ. ಕಾನೂನು ಏನೇ ಹೇಳಲಿ, ಹೇಂಟೆಯೆಂದು ತಿಳಿದ ಮೇಲೆ ಕೊಲ್ಲಲಾರೆವು ಎನ್ನುವವರು ಇನ್ನೊಂದು ಕಡೆ. 20ನೇ ಶತಮಾನದ ಆರಂಭದ ಹೊತ್ತಿಗೆ ಮಿತಿಮೀರಿದ ಬೇಟೆಯಿಂದಲೂ ಕಾಡಿನ ನಾಶದಿಂದಲೂ ಈ ಹಕ್ಕಿ ಅಲ್ಲಿನ ಹಲವು ರಾಜ್ಯಗಳಲ್ಲಿ ಕಾಣದಂತಾಗಿತ್ತು. ಉಳಿದ ಹಕ್ಕಿಗಳನ್ನು ಹಿಡಿದು ಬೇರೆಡೆ ಬಿಟ್ಟು, ದಶಕಗಳ ಕಾಲ ಶ್ರಮಿಸಿ ಸಂತತಿಯನ್ನು ಮತ್ತೆ ಬೆಳೆಸಿದರು. ಎರಡನೆಯ ಮತದ ಹಿಂದೆ ಆ ನೆನಪೂ ಇದ್ದೀತು.

ಜೈನಧರ್ಮ ಈ ವಾದವನ್ನು ಸಂಖ್ಯೆಯಿಂದ ಅಳೆಯುವುದಿಲ್ಲ. ಬೇಟೆ ಸಪ್ತವ್ಯಸನಗಳಲ್ಲಿ ಒಂದು, ಅದರಲ್ಲಿ ಸಂದೇಹವಿಲ್ಲ. ಆದರೆ ಹಿಂಸೆಯ ಬೇರು ಇರುವುದು ಕೈಯಲ್ಲಲ್ಲ, ಭಾವದಲ್ಲಿ. ಪ್ರಮಾದಕ್ಕೂ ಕಷಾಯಕ್ಕೂ ವಶವಾಗಿ ಪ್ರಾಣಹರಣ ಮಾಡುವುದೇ ಹಿಂಸೆಯೆಂದು ಆಚಾರ್ಯರು ನಿರೂಪಿಸಿದ್ದಾರೆ. ಗಡ್ಡವನ್ನಷ್ಟೇ ಕಂಡು, ಹುಂಜವೋ ಹೇಂಟೆಯೋ ಎಂದು ನೋಡದೆ ಗುಂಡು ಹಾರಿಸಿದವನಲ್ಲಿ ಕೊಲ್ಲುವ ಸಂಕಲ್ಪದ ಜೊತೆಗೆ ಪ್ರಮಾದವೂ ಸೇರಿದೆ. ತಾಯಿಯೆಂದು ತಿಳಿದೂ ‘ಕಾನೂನು ಒಪ್ಪಿದೆ’ ಎಂದು ಹಾರಿಸಿದವನ ಸಂಕಲ್ಪ ಇನ್ನಷ್ಟು ಗಟ್ಟಿಯಾದುದು. ಕಾನೂನು ದಂಡದಿಂದ ಪಾರುಮಾಡೀತು, ಕರ್ಮಬಂಧದಿಂದ ಪಾರುಮಾಡಲಾರದು.

ಈ ಬೇಟೆಯ ಕ್ರಮದಲ್ಲಿ ಇನ್ನೊಂದು ದೋಷವೂ ಅಡಗಿದೆ. ಬೇಟೆಗಾರ ಮರೆಯಲ್ಲಿ ಕುಳಿತು ಹೇಂಟೆಯ ಕೂಗನ್ನು ಅನುಕರಿಸಿ ಹುಂಜವನ್ನು ಬಳಿಗೆ ಕರೆಯುತ್ತಾನೆ. ಒಲವಿನ ದನಿಯೇ ಬಲೆಯಾಗುತ್ತದೆ. ಇದು ಮಾಯಾಕಷಾಯ. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಬಲ್ಲವರಿಗೆ ಇಲ್ಲಿ ಒಂದು ಸನ್ನಿವೇಶ ನೆನಪಾಗದಿರದು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯಿಂದ ಭವಭವಗಳಲ್ಲಿ ತೊಳಲಿದ ಯಶೋಧರನೂ ಅವನ ತಾಯಿಯೂ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಅವುಗಳ ಕೂಗು ಕೇಳಿ, ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು ಬಾಣ ಬಿಟ್ಟವನು ಯಶೋಧರನ ಮಗನೇ ಆದ ಯಶೋಮತಿ. ತಾನು ಹೊಡೆದುದು ತಂದೆಯನ್ನು, ಅಜ್ಜಿಯನ್ನು ಎಂಬುದು ಆ ಗಳಿಗೆಯಲ್ಲಿ ಅವನಿಗೆ ತಿಳಿದಿರಲಿಲ್ಲ. ಗುರಿಯ ಆಚೆಗಿರುವ ಜೀವ ಯಾರದೆಂದು ನಮಗಾದರೂ ತಿಳಿದಿದೆಯೆ?

ಹಾಗಾದರೆ ಒಂದು ಹೇಂಟೆಯನ್ನು ಬಿಟ್ಟು ಹುಂಜಗಳನ್ನು ಕೊಲ್ಲುವವನ ಸಂಯಮ ವ್ಯರ್ಥವೆ? ಹಾಗೆಂದು ಹೇಳಲು ನನ್ನ ಮನಸ್ಸು ಒಪ್ಪದು. ಧೀವರ ಮೃಗಸೇನನ ಕಥೆ ಇದಕ್ಕೆ ಉತ್ತರ. ಮೀನು ಹಿಡಿದು ಬದುಕುತ್ತಿದ್ದ ಅವನಿಗೆ ಮುನಿಗಳು ‘ಎಲ್ಲವನ್ನೂ ಇಂದೇ ಬಿಡು’ ಎನ್ನಲಿಲ್ಲ. ಬಲೆಗೆ ಬೀಳುವ ಮೊದಲ ಮೀನನ್ನು ಬಿಟ್ಟುಬಿಡು ಎಂದರು. ಅಂದು ಮತ್ತೆ ಮತ್ತೆ ಬಲೆಗೆ ಬಿದ್ದುದು ಅದೇ ಮೀನು. ಪ್ರತಿ ಸಲವೂ ಅದನ್ನು ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಬಾಗಿಲು ತೆರೆಯದಿದ್ದರೂ ವ್ರತವನ್ನು ಮುರಿಯಲಿಲ್ಲ. ಆ ಒಂದು ಮೀನಿನ ಅಭಯವೇ ಮುಂದಿನ ಭವದಲ್ಲಿ ಅವನನ್ನು ಕಾಯಿತು. ಬೀಜ ಚಿಕ್ಕದೆಂದು ನಮ್ಮ ಆಚಾರ್ಯರು ಎಂದೂ ಹಳಿದವರಲ್ಲ.

ಆದರೆ ಬೀಜ ಯಾವುದು ಎಂಬುದನ್ನು ಪರೀಕ್ಷಿಸಬೇಕು. ‘ಈಕೆ ಉಳಿದರೆ ಮುಂದಿನ ವರ್ಷಗಳಲ್ಲಿ ಹೆಚ್ಚು ಹುಂಜಗಳು ಸಿಕ್ಕಾವು’ ಎಂದು ಬಿಟ್ಟಿದ್ದರೆ ಅದು ಲೋಭದ ಲೆಕ್ಕಾಚಾರ. ಹಕ್ಕಿಯ ಪ್ರಾಣ ಉಳಿದುದು ಒಳ್ಳೆಯದೇ, ಆದರೆ ಬಿಟ್ಟವನ ಆತ್ಮ ಹಗುರವಾಗಲಿಲ್ಲ. ‘ಈಕೆ ತಾಯಿ, ಈಕೆಗೂ ಬದುಕು ಪ್ರಿಯ’ ಎಂದು ಬೆರಳು ಹಿಂದೆ ಸರಿದಿದ್ದರೆ ಅದು ಅನುಕಂಪೆಯ ಮೊಳಕೆ. ಆ ಮೊಳಕೆಗೆ ನೀರೆರೆದರೆ, ಹುಂಜಕ್ಕೂ ಬದುಕು ಅಷ್ಟೇ ಪ್ರಿಯವೆಂಬ ಅರಿವು ತಾನಾಗಿ ಮೂಡೀತು. ಏಕೆಂದರೆ ಜೀವತತ್ತ್ವದಲ್ಲಿ ಗಡ್ಡದ ಭೇದವೂ ಇಲ್ಲ, ಲಿಂಗದ ಭೇದವೂ ಇಲ್ಲ.

ದೂರದ ಬೇಟೆಗಾರನನ್ನು ತೂಗುವ ಮುನ್ನ ನಮ್ಮ ತಕ್ಕಡಿಯನ್ನೂ ಒಮ್ಮೆ ನೋಡಿಕೊಳ್ಳೋಣ. ದೇಶದಲ್ಲಿ ರೇಷ್ಮೆಗೆ ಹೆಸರಾದುದು ನಮ್ಮದೇ ನಾಡು. ಗೂಡಿನೊಳಗಿನ ಜೀವವನ್ನು ಬಿಸಿಯಲ್ಲಿ ಕೊಂದು, ಗೂಡನ್ನು ಬೇಯಿಸಿ ತೆಗೆದ ನೂಲಿನಿಂದ ನೆಯ್ದ ಸೀರೆಯನ್ನುಟ್ಟು ನಾವು ಬಸದಿಗೆ ಹೋಗುತ್ತೇವೆ, ಅಹಿಂಸಾಮೂರ್ತಿಯ ಎದುರು ಅರ್ಘ್ಯ ಎತ್ತುತ್ತೇವೆ. ಅದಕ್ಕೂ ಕಾನೂನಿನ ಅಡ್ಡಿಯಿಲ್ಲ, ರೂಢಿಯ ಒಪ್ಪಿಗೆಯೂ ಇದೆ. ‘ಒಪ್ಪಿಗೆ ಇದೆ’ ಎಂಬುದೇ ಆ ಬೇಟೆಗಾರರ ವಾದವೂ ಅಲ್ಲವೆ? ಅವನು ಒಂದು ಹಕ್ಕಿಯನ್ನು ಬಿಟ್ಟ. ನಾವು ಈ ವರ್ಷ ಏನನ್ನು ಬಿಟ್ಟೆವು?

ಹುಡುಗನಿಗೆ ಹೀಗೆಂದೆ: ‘ಮಗು, ನೆರೆಯವನಿಗೆ ಉಪದೇಶ ಮಾಡಬೇಡ. ಆ ಹಕ್ಕಿಯನ್ನು ಬಿಟ್ಟಾಗ ಮನಸ್ಸಿಗೆ ಏನೆನಿಸಿತೆಂದು ಮಾತ್ರ ಕೇಳು. ಅವನು ಹೇಳುವುದನ್ನು ಗೌರವದಿಂದ ಆಲಿಸು.’ ಕೊಲ್ಲುವ ಶಕ್ತಿಯೂ ಅವಕಾಶವೂ ಒಪ್ಪಿಗೆಯೂ ಕೂಡಿ ಬಂದ ಗಳಿಗೆಯಲ್ಲಿ ಕೈ ತಡೆದುಕೊಂಡವನು ಅಭಯದಾನದ ಸವಿಯನ್ನು ಒಮ್ಮೆ ಉಂಡವನು. ಆ ಸವಿಯನ್ನು ಅವನು ಮರೆಯದಿರಲಿ. ನಮಗೂ ಅದು ದೊರೆಯಲಿ.